ಕತ್ತಲೆಗೆ ಹೆದರುವ ಮಗನಿಗೆ ದೇವರಿದ್ದಾನೆ ಅಂತ ಹೇಗೆ ಹೇಳುವುದು?
ಕರೆಂಟ್ ಹೋದಾಗ 'ದೇವರು ನೋಡ್ತಿದ್ದಾನೆ' ಅಂದರೆ ಮಗ ಇನ್ನೂ ಜಾಸ್ತಿ ಅಳುತ್ತಾನೆ ಅಂದಿದ್ದೀರಿ. ಬಹುಶಃ ಮನೆಯಲ್ಲಿ ಯಾರೋ 'ಉಣ್ಣದಿದ್ದರೆ ದೇವರು ಶಿಕ್ಷೆ ಕೊಡ್ತಾನೆ' ಅಂತ ಹೆದರಿಸಿರಬೇಕು. ಮೊದಲು ಅದನ್ನು ನಿಲ್ಲಿಸಿ, ಅಜ್ಜಿಗೂ ಹೇಳಿ. ಹೆದರಿದಾಗ ಅಪ್ಪಿಕೊಂಡು, ಬ್ಯಾಟರಿ ಹಚ್ಚಿ ಮೂಲೆ ಮೂಲೆ ತೋರಿಸಿ. ಅಳು ನಿಂತ ಮೇಲೆ ವಿಭೂತಿ ಹಚ್ಚಿ, 'ಶಿವಾ, ಜೊತೆಗಿರಪ್ಪಾ' ಅಂತ ಇಬ್ಬರೂ ಮೆಲ್ಲಗೆ ಹೇಳಿ. ಕಾಣದ ದೇವರಿಗೆ ಅದು ಹೇಗೆ ಕೇಳುತ್ತದೆ ಅಂತ ಮಗ ಕೇಳಿದರೆ, ವಿಜಯಪುರದಲ್ಲೇ ಇದ್ದೀರಲ್ವಾ, ಗೋಳಗುಮ್ಮಟಕ್ಕೆ ಕರೆದೊಯ್ಯಿರಿ. ಮೇಲಿನ ಗ್ಯಾಲರಿಯಲ್ಲಿ ಅವನು ಅಪ್ಪನ ಜೊತೆ ಒಂದು ಕಡೆ ನಿಲ್ಲಲಿ, ನೀವು ಎದುರು ಕಡೆಯಿಂದ ಗೋಡೆಗೆ ಪಿಸುಗುಟ್ಟಿ. ನೀವು ದೂರದಲ್ಲಿದ್ದರೂ ಆ ಪಿಸುಮಾತು ಅವನಿಗೆ ಕೇಳುತ್ತದೆ, ದೇವರಿಗೂ ಹಾಗೇ ಅನ್ನಿ. (ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಬರೀ ಕೂಗಾಟ.) 'ಏನೂ ಆಗಲ್ಲ' ಅಂತ ಮಾತ್ರ ಮಾತು ಕೊಡಬೇಡಿ, ಬಿದ್ದ ದಿನ ದೇವರ ಮೇಲೇ ಸಿಟ್ಟಾಗುತ್ತಾನೆ. 'ಜೊತೆಗಿರ್ತಾನೆ' ಅಂದರೆ ಸಾಕು. ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು. ನಿದ್ದೆಯೇ ಕೆಟ್ಟಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.