ವನ್ಯಜೀವಿ ನಿರ್ವಹಣೆಯಲ್ಲಿ ಸಮಾಜ ಸಂಶೋಧಕರಿಗೆ ಏನು ಕೆಲಸ?

ಸರ್ಕಾರ ಮತ್ತು ಸ್ಥಳೀಯರು ಸೇರಿ ಕಾಡು, ಪ್ರಾಣಿಗಳನ್ನು ನೋಡಿಕೊಳ್ಳುವಾಗ ಜೀವಶಾಸ್ತ್ರಜ್ಞರಷ್ಟೇ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಪ್ರಾಣಿಗಳ ಎಣಿಕೆ ಸರಿಯಿದ್ದರೂ ಜನ ನಂಬದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ, ಅಲ್ವಾ?

ಕೆನಡಾದ ಉತ್ತರ ಭಾಗವನ್ನು ನೋಡಿ. ಕ್ಯಾರಿಬೂ ಎಂಬ ಜಿಂಕೆ ಜಾತಿಯ ಪ್ರಾಣಿಯ ಹಿಂಡುಗಳು ಕುಸಿಯುತ್ತಿವೆ ಎಂದು 1970ರ ದಶಕದ ಕೊನೆಗೆ ಸರ್ಕಾರಿ ವಿಜ್ಞಾನಿಗಳು ಎಚ್ಚರಿಸಿದರು. ಆ ಬೇಟೆಯನ್ನೇ ನಂಬಿ ಬದುಕುವ ಮೂಲನಿವಾಸಿಗಳು ಒಪ್ಪಲಿಲ್ಲ. ಆ ಜಗಳದಿಂದಲೇ 1982ರಲ್ಲಿ, ಅಲ್ಲಿನ ಎರಡು ಹಿಂಡುಗಳ ಹೆಸರಿನಲ್ಲಿ, ಬೆವರ್ಲಿ ಮತ್ತು ಕಮಾನಿರ್ಜುವಾಕ್ ಕ್ಯಾರಿಬೂ ನಿರ್ವಹಣಾ ಮಂಡಳಿ ಹುಟ್ಟಿತು. ಅದರಲ್ಲಿ ಸ್ಥಳೀಯ ಸದಸ್ಯರೇ ಜಾಸ್ತಿ. ನಂತರದ ಸಮೀಕ್ಷೆಯಲ್ಲಿ ಕಮಾನಿರ್ಜುವಾಕ್ ಹಿಂಡು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದಾಗಿ ಕಂಡಿತು. ಬೇಟೆಗಾರರ ಮಾತನ್ನು ಸುಮ್ನೆ ತಳ್ಳಿಹಾಕುವಂತಿರಲಿಲ್ಲ.

ಸಮಾಜ ಸಂಶೋಧಕರು ಹುಡುಕುವುದು ಇಂಥದ್ದನ್ನೇ. ಸಭೆಯಲ್ಲಿ ಯಾರು ಮಾತಾಡುತ್ತಾರೆ? ಯಾರ ಮಾತು ನಡಾವಳಿಗೆ ಸೇರುತ್ತದೆ? ಸದಸ್ಯರು ಊರಿಗೆ ಮರಳಿ ಸುದ್ದಿ ಹೇಳುತ್ತಾರಾ? ಇದಕ್ಕೆ ಒಂದು ಸುತ್ತಿನ ಪ್ರಶ್ನಾವಳಿ ಸಾಲದು. ವರ್ಷಗಟ್ಟಲೆ ಸಭೆಗಳಲ್ಲಿ ಕೂರಬೇಕು, ಮನೆಗಳಿಗೆ ಹೋಗಿ ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಅಧಿಕಾರದ ಪ್ರಶ್ನೆ. ಈ ಮಂಡಳಿ ಕೂಡ ಸಲಹೆ ಕೊಡಬಹುದಷ್ಟೇ, ಕೊನೆಯ ತೀರ್ಮಾನ ಸರ್ಕಾರಗಳದ್ದು. ನನ್ನ ಪ್ರಕಾರ ಯಾವುದೇ ಸಹಭಾಗಿತ್ವವನ್ನು ಅಳೆಯಲು ಹೊರಟವರು ಮೊದಲು ಕೇಳಬೇಕಾದದ್ದು ಇದನ್ನೇ.