ಎರಡು ಮೈ, ಐದು ಎಂಜಿನ್

ಪ್ರಶ್ನೆ: ಎರಡನೇ ಮಹಾಯುದ್ಧದ ಒಂದು ಜರ್ಮನ್ ವಿಮಾನದ ಫೋಟೊ ನೋಡಿದೆ. ಎರಡು ವಿಮಾನಗಳನ್ನು ಪಕ್ಕಪಕ್ಕ ಇಟ್ಟು ಬೆಸೆದ ಹಾಗಿದೆ. ಅದು ನಿಜಕ್ಕೂ ಹಾರಿತ್ತಾ? ಓಡಿಸುತ್ತಿದ್ದವನು ಎಡಗಡೆಯವನೋ, ಬಲಗಡೆಯವನೋ?
– ಓದುಗರು, ತಿಪಟೂರು

ಉತ್ತರ: ಹಾರಿತ್ತು. ಎಂಜಿನ್ ಎಣಿಸಿ ನೋಡಿ. ಐದಿದ್ದರೆ ಅದು ಹೈಂಕೆಲ್ 111 ಝಡ್. ಝಡ್ ಅಂದರೆ ‘ತ್ಸ್ವಿಲ್ಲಿಂಗ್’, ಜರ್ಮನ್‌ನಲ್ಲಿ ಅವಳಿ.

ಇದನ್ನು ಮಾಡಿದ್ದು ಬಾಂಬ್ ಹಾಕಲು ಅಲ್ಲ, ಎಳೆಯಲು. 1941ರಲ್ಲಿ ಮೆಸರ್‌ಶ್ಮಿಟ್ ಕಂಪನಿಯವರು ‘ಗಿಗಾಂಟ್’ ಎಂಬ ಗ್ಲೈಡರ್ ಹಾರಿಸಿದರು. ರೆಕ್ಕೆಯ ಅಗಲ 55 ಮೀಟರ್, ಹೊರುವ ಸರಕು 20 ಟನ್, ಎಂಜಿನ್ ಮಾತ್ರ ಇಲ್ಲ! ಮೊದಮೊದಲು ಮೂರು ಬಿಎಫ್ 110 ಫೈಟರ್‌ಗಳಿಗೆ ಕೇಬಲ್ ಕಟ್ಟಿ ಎಳೆಸಿದರು. ಮೂವರಲ್ಲಿ ಒಬ್ಬ ಹಿಂದೆ ಬಿದ್ದರೂ ನಾಲ್ಕೂ ವಿಮಾನಕ್ಕೆ ಕುತ್ತು. ಅಪಘಾತಗಳೂ ಆದವು.

ಹೊಸ ವಿಮಾನ ಮಾಡಲು ಪುರುಸೊತ್ತಿರಲಿಲ್ಲ. ಎರಡು ಹೈಂಕೆಲ್ ಬಾಂಬರ್ ತಂದು, ನಡುವೆ ಹೊಸ ರೆಕ್ಕೆಯ ತುಂಡು ಸೇರಿಸಿ, ಅದರ ಮೇಲೆ ಐದನೇ ಎಂಜಿನ್ ಕೂರಿಸಿದರು. ನಗಬೇಡಿ. ನಾನು ಏರ್‌ಫೋರ್ಸ್‌ನಲ್ಲಿ ಎಂಜಿನ್ ಫಿಟರ್ ಆಗಿ ಕೆಲಸ ಮಾಡಿದ್ದು ಪ್ಯಾಕೆಟ್ ಎಂಬ ಸರಕು ವಿಮಾನದ ಮೇಲೆ. ಲಡಾಖ್‌ನ ಎತ್ತರಕ್ಕೆ ಅದರ ಎರಡು ಎಂಜಿನ್ ಸಾಲದೆ, ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಹೊರಿಸಿದ್ದರು. ನೋಡಲು ವಿಚಿತ್ರ, ಕೆಲಸಕ್ಕೆ ಪಕ್ಕಾ. (ಪ್ಯಾಕೆಟ್‌ಗೆ ಬಾಲದ ತೊಲೆ ಎರಡು, ಮೈ ಒಂದೇ. ಅದನ್ನು ಅವಳಿ ಅನ್ನಬೇಡಿ.)

ಮುಖ್ಯ ಪೈಲಟ್ ಕೂರುತ್ತಿದ್ದದ್ದು ಎಡಗಡೆ. ಐದೂ ಎಂಜಿನ್‌ಗಳ ಥ್ರಾಟಲ್ (ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿ) ಅವನ ಕೈಯಲ್ಲೇ. ಎರಡು ಎಂಜಿನ್‌ಗಳ ಸದ್ದನ್ನು ಒಂದೇ ಸಮ ಮಾಡುವುದೇ ನಮಗೆ ತಲೆನೋವಾಗಿತ್ತು, ಇನ್ನು ಐದು ಅಂದರೆ! ಮೇಲಾಗಿ ಅವನು ನಡುವೆ ಕೂತಿಲ್ಲ ಅಲ್ವಾ? ವಿಮಾನ ಎಡಕ್ಕೆ ವಾಲಿದರೆ ಅವನು ಕೆಳಗೆ, ಬಲಗಡೆಯವನು ಮೇಲೆ. ಥೇಟ್ ಏತದ ಹಾಗೆ.

ಇಂಥವು ತಯಾರಾಗಿದ್ದು ಹತ್ತು–ಹನ್ನೆರಡು ಅಷ್ಟೇ. 1943ರ ಆರಂಭದಲ್ಲಿ ರಷ್ಯಾದ ಕುಬಾನ್ ಕಡೆ ಸರಕು ಎಳೆದವು. ಆಮೇಲೆ ಗಿಗಾಂಟ್‌ಗೇ ಆರು ಫ್ರೆಂಚ್ ಎಂಜಿನ್ ಹಾಕಿದರು. ಎಳೆಯುವವರ ಗರಜು ಕಡಿಮೆಯಾಯಿತು.

ಎರಡೇ ಎಂಜಿನ್ ಇದ್ದು, ಮೈಮೇಲೆ ಅಮೆರಿಕದ ನಕ್ಷತ್ರ ಕಂಡರೆ ಅದು 1945ರ ಟ್ವಿನ್ ಮಸ್ಟಾಂಗ್. ಜರ್ಮನ್ನರೂ ಎರಡು ಮೆಸರ್‌ಶ್ಮಿಟ್ 109 ಫೈಟರ್ ಜೋಡಿಸಿ ‘109 ಝಡ್’ ಮಾಡಿದ್ದರು. ಹಾರುವ ಮೊದಲೇ ಅದಕ್ಕೆ ಬಾಂಬ್ ದಾಳಿಯಲ್ಲಿ ಪೆಟ್ಟು ಬಿತ್ತು. ಅದು ಆಕಾಶದಲ್ಲಿರುವ ‘ಫೋಟೊ’ ಯಾರಾದರೂ ಕಳಿಸಿದರೆ ಸುಮ್ನೆ ಡಿಲೀಟ್ ಮಾಡಿ.