ಟೆಸ್ಟ್ ಮೆಸೇಜ್ ಬಂತು, ಇನ್ನು ಎಲ್ಲರಿಗೂ ಕಳಿಸಬಹುದಾ?

ಯುಎಸ್‌ಬಿ ಡಾಂಗಲ್‌ಗೆ ಸಿಮ್ ಹಾಕಿ, ಕಂಪ್ಯೂಟರಿನಿಂದ ಎಸ್‌ಎಂಎಸ್ ಕಳಿಸುವ ಗೇಟ್‌ವೇ ತಂತ್ರಾಂಶ ಕ್ಯಾನೆಲ್ ಕೂರಿಸಿದ್ದೀರಿ, 'ಟೆಸ್ಟ್' ಅಂತ ಇಂಗ್ಲಿಷಿನಲ್ಲಿ ಕಳಿಸಿದ್ದು ನಿಮ್ಮ ಮೊಬೈಲಿಗೆ ಬಂದಿದೆ. ಇನ್ನು ಹಾಲಿನ ಸಂಘದ 800 ಜನಕ್ಕೆ ಕನ್ನಡದಲ್ಲಿ ಕಳಿಸಬಹುದಾ, ಇಲ್ಲ ಬೇರೆ ಗೇಟ್‌ವೇ ಹುಡುಕಬೇಕಾ ಅಂತ ನಿಮ್ಮ ಪ್ರಶ್ನೆ. 2017ರ ಮೇ ತಿಂಗಳಲ್ಲಿ ನಾನು ನಿಂತದ್ದೂ ಇದೇ ಜಾಗದಲ್ಲಿ.

ನಮ್ಮದು ಬದಿಯಡ್ಕದ ಹತ್ತಿರ. ಊರಿನ ಕೃಷಿಕರ ಸಂಘವೊಂದರಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡದಿದ್ದರೆ ಕೊಳೆರೋಗ ಬಂತೆಂದೇ ಲೆಕ್ಕ. ಆ ಮದ್ದು ಬೋರ್ಡೋ ದ್ರಾವಣ, 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೇಕು. ಮೈಲುತುತ್ತು ಕಡಿಮೆ ದರದಲ್ಲಿ ಕೊಡುವುದು ಒಂದೇ ದಿನ, ಆ ದಿನವನ್ನು ಸದಸ್ಯರಿಗೆ ತಿಳಿಸುವ ಜವಾಬ್ದಾರಿ ನನ್ನದಾಗಿತ್ತು.

ನಾನೂ ಇಂಗ್ಲಿಷಿನಲ್ಲಿ 'ಟೆಸ್ಟ್' ಕಳಿಸಿದೆ, ಬಂತು. ಕ್ಯಾನೆಲ್‌ಗೆ ಮೆಸೇಜು ಒಪ್ಪಿಸುವ ಅದೇ ಯುಆರ್‌ಎಲ್‌ನಲ್ಲಿ (ವೆಬ್ ವಿಳಾಸದಲ್ಲಿ) ಆ ಪದ ತೆಗೆದು ಕನ್ನಡದ ವಾಕ್ಯ ಹಾಕಿ ಪಟ್ಟಿಯ ಮೇಲೆ ಓಡಿಸಿದೆ. ಪ್ರತಿ ನಂಬರಿಗೂ '0: ಅಕ್ಸೆಪ್ಟೆಡ್ ಫಾರ್ ಡೆಲಿವರಿ' ಅಂತ ಉತ್ತರ ಬಂತು, ನಾನು ಮನೆಗೆ ಹೋದೆ.

ಮೂರನೇ ದಿನ ಒಬ್ಬ ಹಿರಿಯರು ಕೌಂಟರಿಗೆ ಬಂದು ಮೊಬೈಲ್ ಮುಂದಿಟ್ಟರು. "ಇದೆಂತ ಮಾರಾಯ?" ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆ, ನಡುವೆ ತಾರೀಕಿನ ಅಂಕೆ ಮಾತ್ರ ನೆಟ್ಟಗಿತ್ತು. ಆ ತಾರೀಕು ಹಿಂದಿನ ದಿನವೇ ಮುಗಿದಿತ್ತು. ಅವರು ಪೇಟೆಯಲ್ಲಿ ಪೂರ್ತಿ ದರಕ್ಕೆ ಕೊಂಡರು. ಇನ್ನೂ ಎಷ್ಟೋ ಜನ ಹಾಗೇ ಕೊಂಡರು. ಆ ಹಿರಿಯರ ಮುಖ ನನಗೆ ಈಗಲೂ ಮರೆತಿಲ್ಲ.

ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ಎಸ್‌ಎಂಎಸ್‌ನ ಮಾಮೂಲಿ 7 ಬಿಟ್ ಅಕ್ಷರಮಾಲೆಯಲ್ಲಿ ಇಂಗ್ಲಿಷ್ ಇದೆ, ಕನ್ನಡ ಇಲ್ಲ. ಯುಆರ್‌ಎಲ್‌ನಲ್ಲಿ 'ಕೋಡಿಂಗ್=2' (ಇದು ಯುನಿಕೋಡ್ ಅಕ್ಷರ) ಅಂತ ಹೇಳದಿದ್ದರೆ ಕ್ಯಾನೆಲ್ ಆ ಅಕ್ಷರಮಾಲೆಗೇ ತುರುಕುತ್ತದೆ, ಹಿಡಿಯದ್ದೆಲ್ಲ ಪ್ರಶ್ನಾರ್ಥಕವಾಗುತ್ತದೆ. ಬರೇ 'ಕೋಡಿಂಗ್=2' ಕೂಡ ಸಾಲದು, ಜೊತೆಗೆ ನಾವು ಕೊಟ್ಟ ಪಠ್ಯ ಯಾವ ಬಗೆಯ ಯುನಿಕೋಡ್ ಅಂತ ತಿಳಿಸುವ 'ಚಾರ್‌ಸೆಟ್=ಯುಟಿಎಫ್-8' ಬೇಕು. ಇಲ್ಲದಿದ್ದರೆ ಕ್ಯಾನೆಲ್ ಅದನ್ನು ಇನ್ನೊಂದು ಬಗೆಯಾದ ಯುಟಿಎಫ್-16 ಅಂತ ಊಹಿಸಿ ಇನ್ನೊಂದು ರೀತಿಯ ಕಸ ಕಳಿಸುತ್ತದೆ. ಇಂಗ್ಲಿಷಿನ 'ಟೆಸ್ಟ್' ಇದ್ಯಾವುದನ್ನೂ ಮುಟ್ಟುವುದೇ ಇಲ್ಲ. ನಾನು ಪರೀಕ್ಷೆ ಮಾಡಿದ್ದು ಒಂದು ದಾರಿಯನ್ನು, ಕಳಿಸಿದ್ದು ಇನ್ನೊಂದು ದಾರಿಯಲ್ಲಿ.

'ಅಕ್ಸೆಪ್ಟೆಡ್' ಅಂದರೆ ಗೇಟ್‌ವೇ ತಗೊಂಡಿತು ಅಂತ ಮಾತ್ರ, ಸದಸ್ಯರ ಕೈಗೆ ಮುಟ್ಟಿತು ಅಂತಲ್ಲ. ಮುಟ್ಟಿದ್ದು ಗೊತ್ತಾಗಬೇಕಾದರೆ 'ಡಿಎಲ್‌ಆರ್-ಮಾಸ್ಕ್=31' ಹಾಕಿ, 'ಡಿಎಲ್‌ಆರ್-ಯುಆರ್‌ಎಲ್' (ವರದಿ ಬಂದು ಸೇರುವ ವಿಳಾಸ) ಕೊಟ್ಟು ಡೆಲಿವರಿ ವರದಿ ತರಿಸಿಕೊಳ್ಳಬೇಕು. ಆ ವರದಿಯೂ ಪ್ರಶ್ನಾರ್ಥಕವನ್ನು ಹಿಡಿಯುವುದಿಲ್ಲ, ಅದಕ್ಕೆ ಕಣ್ಣೇ ಬೇಕು.

ಕಾಸಿನ ವಿಷಯ. ಒಂದು ಮೆಸೇಜಿನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ದಾಟಿದರೆ ಒಂದೊಂದು ತುಂಡಿಗೆ 67. 'ಮೈಲುತುತ್ತು' ನಮ್ಮ ಕಣ್ಣಿಗೆ ನಾಲ್ಕಕ್ಷರ, ಯಂತ್ರಕ್ಕೆ ಹತ್ತು. ನನ್ನ ವಾಕ್ಯ ಎರಡು ತುಂಡಾಗುತ್ತಿತ್ತು, ಅಂದರೆ ಎರಡು ಪಟ್ಟು ಖರ್ಚು.

ಯಾವ ಗೇಟ್‌ವೇ ಒಳ್ಳೆಯದು ಅನ್ನುವ ಪ್ರಶ್ನೆಯನ್ನೇ ಬಿಡಿ. ಕ್ಯಾನೆಲ್ ಸಾಕು. ಬಿಡಬೇಕಾದದ್ದು ಡಾಂಗಲ್ಲು. ನಾನು ಕಳಿಸಿದ ಕಾಲಕ್ಕೆ ಡಿಎಲ್‌ಟಿ, ಅಂದರೆ ಸಾಮೂಹಿಕ ಎಸ್‌ಎಂಎಸ್ ಕಳಿಸುವವರ ನೋಂದಣಿ ವ್ಯವಸ್ಥೆ, ಇರಲಿಲ್ಲ. 2021ರಿಂದ ಅದು ಕಟ್ಟುನಿಟ್ಟಾಗಿದೆ. ಹೆಡರ್ (ಕಳಿಸುವವರ ಗುರುತಿನ ಹೆಸರು) ಮತ್ತು ಟೆಂಪ್ಲೇಟ್ (ಮೆಸೇಜಿನ ಮಾದರಿ) ನೋಂದಾಯಿಸದೆ ಸಂಘದ ಹೆಸರಲ್ಲಿ ಸಾಮೂಹಿಕವಾಗಿ ಕಳಿಸಲು ಹೋಗಬೇಡಿ, ಸಿಮ್ಮೇ ಬಂದ್ ಆದೀತು. ಸಂಘದ ಹೆಸರಲ್ಲೇ ನೋಂದಾಯಿಸಿ, ಕ್ಯಾನೆಲ್ಲನ್ನು ನೇರ ಎಸ್‌ಎಂಎಸ್ ಕಂಪನಿಗೆ ಜೋಡಿಸುವ ಎಸ್‌ಎಂಪಿಪಿ ಲೈನ್ ತಗೊಳ್ಳಿ. ಟೆಂಪ್ಲೇಟಿನ ಮಾತು ಒಂದಿಷ್ಟು ಬದಲಾದರೂ ಮೆಸೇಜು ದಾರಿಯಲ್ಲೇ ನಿಲ್ಲುತ್ತದೆ, ಹಾಗಾಗಿ 'ಟೆಸ್ಟ್' ಅಂತ ಕಳಿಸುವ ಅಭ್ಯಾಸಕ್ಕೆ ಅಲ್ಲಿ ಜಾಗವೇ ಇಲ್ಲ.

ಅಷ್ಟರೊಳಗೆ ನಾಳೆ ಬೆಳಗ್ಗೆ ಹಾಲು ಅಳೆಯುವ ಹೊತ್ತಿಗೆ ಸಂಘದ ಜಗಲಿಯಲ್ಲಿ ನಿಲ್ಲಿ. ಕೀಪ್ಯಾಡ್ ಮೊಬೈಲಿನ ನಾಲ್ಕು ಜನರಿಗೆ ನಿಮ್ಮ ನಿಜವಾದ ಕನ್ನಡ ವಾಕ್ಯವನ್ನೇ ಕಳಿಸಿ, ಗಟ್ಟಿಯಾಗಿ ಓದಿಸಿ. ಬರೇ ಚೌಕ ಕಾಣುತ್ತದೆ ಅಂದವರ ಹೆಸರು ಬರೆದಿಟ್ಟುಕೊಳ್ಳಿ, ಅವರಿಗೆ ಫೋನ್ ಮಾಡಿಯೇ ಹೇಳಬೇಕಾಗುತ್ತದೆ.